ಅವ್ವನ ಒಡಪು ಮತ್ತು ಎರಡು ಕಿವಿಯ ಹೆಡ್‌ಫೋನು

ಸಂಶಯವಾದಿಯಾಗಿರುವುದರಲ್ಲಿ ಒಂದು ಅನುಕೂಲವಿದೆ: ತಪ್ಪು ಯಾರದೆಂದು ಕೊನೆಯವರೆಗೂ ತೀರ್ಮಾನಿಸಬೇಕಾಗಿಲ್ಲ. ಧಾರವಾಡದಲ್ಲಿ ತತ್ತ್ವಶಾಸ್ತ್ರದ ಎಂ.ಎ. ಮಾಡಿ ನಾನು ಕಲಿತದ್ದು ಹೆಚ್ಚುಕಡಿಮೆ ಇಷ್ಟೇ. ಬೈಲಹೊಂಗಲದ ಕಾಲೇಜಿನಲ್ಲಿ ವರ್ಷಗಟ್ಟಲೆ ಕಲಿಸಿದ್ದೂ ಇದನ್ನೇ. ದೇವರನ್ನು ಸಂಶಯಿಸಿದೆ, ಪತ್ರಿಕೆಗಳನ್ನು ಸಂಶಯಿಸಿದೆ, ಸಾರಿಗೆ ಉಪ್ಪು ಹಾಕಿದ್ದೇನೆ ಎಂದ ಹೆಂಡತಿಯನ್ನೂ ಬಿಡಲಿಲ್ಲ. ನನ್ನ ನೆನಪನ್ನಂತೂ ದಿನಕ್ಕೆರಡು ಸಲ ಸಂಶಯಿಸುತ್ತೇನೆ. ಸಂಶಯಿಸದೆ ಬಿಟ್ಟದ್ದು ಒಂದು ಕ್ಯಾಸೆಟ್ಟನ್ನು ಮಾತ್ರ.

ತೊಂಬತ್ತರ ದಶಕದಲ್ಲಿ ಸವದತ್ತಿಯಲ್ಲಿ ಚೊಚ್ಚಲ ಬಸುರಿಯಾಗಿದ್ದ ನನ್ನ ತಂಗಿಯ ಕುಬಸವಾಯಿತು. ಕುಬಸವೆಂದ ಮೇಲೆ ಹೆಂಗಸರು ಒಬ್ಬೊಬ್ಬರನ್ನೇ ಹಿಡಿದು ನಿಲ್ಲಿಸಿ ಒಡಪು ಹೇಳಿಸುತ್ತಾರೆ. ಗಂಡನ ಹೆಸರು ಎಂದೂ ಬಾಯಲ್ಲಿ ತರದವರೂ ಅಂದು ಪ್ರಾಸದೊಳಗೆ ಸೇರಿಸಿ ಹೇಳಲೇಬೇಕು. ತನ್ನ ಮದುವೆಯಲ್ಲಿ ಅತ್ತು ಪಾರಾಗಿದ್ದ ಅವ್ವ ಅಂದು ಸಿಕ್ಕಿಬಿದ್ದಳು. ಜೀವಮಾನದಲ್ಲಿ ಅಪ್ಪನ ಹೆಸರು ಹೇಳಿದ್ದು ಅದೊಂದೇ ಸಲ. ಆ ಹೊತ್ತಿಗೆ ಅಪ್ಪ ಹಿತ್ತಲಲ್ಲಿ ಅಡುಗೆಯವರ ಸಂಗಡ ಗೋಧಿ ಹುಗ್ಗಿಯ ಹದದ ಬಗ್ಗೆ ಜಗಳವಾಡುತ್ತಿದ್ದರು. ಟೇಪ್‌ರೆಕಾರ್ಡರ್ ಹಿಡಿದು ಅವ್ವನ ಎದುರಿಗೇ ನಿಂತಿದ್ದವನು ನಾನು. ಎಲ್ಲ ಹಿಡಿದಿಟ್ಟಿದ್ದೇನೆ, ಯಾವಾಗ ಬೇಕಾದರೂ ಕೇಳಬಹುದು ಎಂದು ಅಪ್ಪನಿಗೆ ಭರವಸೆ ಕೊಟ್ಟವನೂ ನಾನೇ.

ಅವರು ಕೇಳಲಿಲ್ಲ. ಹೆಂಡತಿ ಮನೆಯಲ್ಲೇ ಇರುವಾಗ ಆಕೆಯ ದನಿಯನ್ನು ಡಬ್ಬಿಯಿಂದ ಯಾರು ಕೇಳುತ್ತಾರೆ? ಅವ್ವ ತೀರಿಕೊಂಡು, ಅಪ್ಪನ ಕಿವಿ ಮಂದವಾದ ಮೇಲೆ, ಒಂದು ದಿನ ಎಲೆ ಅಡಿಕೆ ಹಾಕಿಕೊಳ್ಳುತ್ತ, "ಆಕಿ ನನ್ನ ಹೆಸರು ಹೆಂಗ ಹೇಳ್ಯಾಳ, ಒಮ್ಮೆ ಕೇಳಸಪಾ," ಎಂದರು.

ಟೇಪ್ ಹಾಕಿದರೆ ಅವರಿಗೆ ಬರೀ ಗುಂಯ್ ಎನ್ನುವ ಸದ್ದು. ಕೂಡಲೇ ನಿಲ್ಲಿಸಿದೆ. ಟೇಪ್‌ರೆಕಾರ್ಡರಿನ ಇಯರ್‌ಫೋನ್ ಚುಚ್ಚುವ ತೂತು ಎಂದೋ ಕೆಟ್ಟಿತ್ತು. ಕ್ಯಾಸೆಟ್ಟನ್ನು ಅಂಗಡಿಗೆ ಕೊಟ್ಟು ಮೆಮೊರಿ ಕಾರ್ಡಿಗೆ ಹಾಕಿಸಿದೆ. ಮೊದಲ ಅರ್ಧ ನಿಮಿಷ ಕೇಳಿ ಸಾಕು ಎಂದೆ. ಮುಂದಿನದು ನನಗೆ ನೆನಪಿತ್ತಲ್ಲ! ಬೆಳಗಾವಿಗೆ ಹೋಗಿ ವೈರಿಲ್ಲದ ಹೆಡ್‌ಫೋನ್ ತಂದೆ. ಅದರ ಪೆಟ್ಟಿಗೆಯ ಮೇಲೂ ಬ್ಲೂಟೂತ್, ನನ್ನ ಹಳೆಯ ಫೋನಿನಲ್ಲೂ ಬ್ಲೂಟೂತ್. ಬೀಗರಾಗಲು ಇಷ್ಟು ಸಾಕೆಂದುಕೊಂಡೆ. ಎರಡೂ ಕೂಡಿದವು, ನೀಲಿ ದೀಪ ಕಣ್ಣು ಮಿಟುಕಿಸಿತು, ಹೆಡ್‌ಫೋನಿನಲ್ಲಿ ಮಾತ್ರ ಪಿಟ್ಟೆಂದು ಸದ್ದಿಲ್ಲ. ಬಸ್‌ಸ್ಟ್ಯಾಂಡ್ ಬಳಿಯ ಮೊಬೈಲ್ ರಿಪೇರಿಯವನು ತಿಳಿಸಿ ಹೇಳಿದ: ದನಿಯನ್ನು ಈ ಕಡೆ ಮಡಚಿ ಕಳಿಸುವ, ಆ ಕಡೆ ಬಿಚ್ಚುವ ರೀತಿಗೆ ಕೋಡೆಕ್ ಎನ್ನುತ್ತಾರೆ, ಹಾಡಿಗೆ ಬೇಕಾದದ್ದು ಹೆಡ್‌ಫೋನಿಗೆ ಗೊತ್ತು, ಈ ಫೋನಿಗೆ ಗೊತ್ತಿಲ್ಲ. "ಲಗ್ನ ಆಗೇತ್ರಿ ಸರ್, ಮಾತುಕತಿ ಇಲ್ಲ. ಕಾಲ್ ಬಂದ್ರಷ್ಟ ಕೇಳಸ್ತದ್ರಿ."

ಕಾಲ್ ಬಂದರೆ ಕೇಳಿಸುತ್ತದೆ! ನನ್ನ ಬುದ್ಧಿಗೆ ನಾನೇ ಬೆರಗಾದೆ. ಮರುದಿನ ಅಪ್ಪನನ್ನು ಪಡಸಾಲೆಯಲ್ಲಿ ಕೂರಿಸಿ, ತಲೆಗೆ ಹೆಡ್‌ಫೋನ್ ಹಾಕಿ, ಕಾಲ್ ಬಂದಾಗ ಒತ್ತಬೇಕಾದ ಹಸಿರು ಗುಂಡಿ ತೋರಿಸಿ, ನನ್ನ ಫೋನನ್ನು ಅವರ ಮಗ್ಗುಲಲ್ಲಿಟ್ಟೆ. ಅವರು ಟೊಪ್ಪಿಗೆ ತೆಗೆದಿಟ್ಟು, ಕೂದಲು ಸವರಿಕೊಂಡು ನೆಟ್ಟಗೆ ಕುಳಿತರು. ನಾನು ಅಡುಗೆಮನೆಗೆ ಹೋಗಿ, ಹೆಂಡತಿಯ ಫೋನಿನಿಂದ ಆ ಫೋನಿಗೆ ಕಾಲ್ ಮಾಡಿ, ಟೇಪ್‌ರೆಕಾರ್ಡರಿನ ಬಾಯಿಗೆ ಹಿಡಿದೆ. ಬಳೆ ಸದ್ದು, ನಗು. ನಂತರ ಯಾರೋ, "ಹೇಳ್ರಿ ಕಾಕೂ, ನಾಚ್ಕೋಬ್ಯಾಡ್ರಿ." ಅವ್ವ ನಕ್ಕಳು. ಗಂಟಲು ಸರಿಮಾಡಿಕೊಂಡಳು. ಟಕ್ಕೆಂದಿತು.

"ಮಾನ್ಯ ಅಧ್ಯಕ್ಷರೇ, ಸ್ಮೃತಿಯನ್ನು ಎಷ್ಟರ ಮಟ್ಟಿಗೆ ಪ್ರಮಾಣವೆಂದು ಒಪ್ಪಬಹುದು?"

ದನಿ ನನ್ನದು. ಯಾವುದೋ ವಿಚಾರ ಸಂಕಿರಣಕ್ಕೆ ಮಾಡಿಕೊಂಡ ತಾಲೀಮು. ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಕೈ ನಿಲ್ಲಿಸಿದಳು. ಖಾಲಿ ಕ್ಯಾಸೆಟ್ ಸಿಗಲಿಲ್ಲವೆಂದು ನೀವೇ ಇದರ ಮೇಲೆ ರೆಕಾರ್ಡ್ ಮಾಡಿಕೊಂಡಿರಿ, ನಾನು ಬೇಡವೆಂದಿದ್ದೆ ಎಂದಳು. ನನಗೆ ನೆನಪಿಲ್ಲ. ಆಕೆಯ ನೆನಪನ್ನು ಸಂಶಯಿಸೋಣವೆಂದರೆ ಟೇಪು ಇನ್ನೂ ಮಾತಾಡುತ್ತಲೇ ಇತ್ತು. ಕೊನೆಗೆ ಟೇಪು ನಿಲ್ಲಿಸಿ ಕಾಲ್ ಮುಗಿಸಿದೆ.

ಪಡಸಾಲೆಗೆ ಬಂದವನೇ ಅಪ್ಪನ ಕಿವಿಯ ಹತ್ತಿರ ಬಾಗಿ, ಈ ಕಂಪನಿಗಳ ಮೋಸ, ಕೋಡೆಕ್ಕುಗಳ ಹೊಂದಾಣಿಕೆಯಿಲ್ಲದಿರುವಿಕೆ ಎಲ್ಲವನ್ನೂ ಉದಾಹರಣೆ ಸಮೇತ ವಿವರಿಸಿದೆ. ಬೇರೆ ಹೆಡ್‌ಫೋನ್ ತರುತ್ತೇನೆ ಎಂದೆ. ಅವರು ಹೆಡ್‌ಫೋನ್ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡರು.

"ಅದಕ್ಯಾಕ ಬೈತಿ? ಚೊಲೋ ಐತಿ. ನಿನ್ನ ಭಾಷಣ ಅಕ್ಷರ ಅಕ್ಷರ ಕೇಳಿಸ್ತು." ಟೊಪ್ಪಿಗೆ ಹಾಕಿಕೊಂಡರು. "ಅಧ್ಯಕ್ಷರು ಏನಂದ್ರು?"

ಅಧ್ಯಕ್ಷರು ಏನೆಂದರೆಂಬುದು ನನಗೆ ಸ್ಪಷ್ಟವಾಗಿ ನೆನಪಿದೆ. ಬಹಳ ಹೊಗಳಿದ್ದರು. ಎದುರಿಗೇ ನಿಂತು ಕೇಳಿದ ಅವ್ವನ ಒಡಪಿನ ಒಂದು ಸಾಲೂ ನೆನಪಿಲ್ಲ.