ಒಂದು ಸರ್ವಿಂಗು ಬೀಫ್-ಬ್ರೊಕೊಲಿ

ಕ್ಯಾಲಿಫೋರ್ನಿಯಾದ ನೆವಾರ್ಕಿನ ಬ್ಯಾಟರಿ ಕಂಪನಿಯೊಂದರ ಕ್ಯಾಂಟೀನಿನಲ್ಲಿ ಪ್ರತಿ ಗುರುವಾರ ಬಡಿಸುತ್ತಿದ್ದ ಚೈನೀಸ್ ಬೀಫ್-ತರಕಾರಿ ಸ್ಟರ್-ಫ್ರೈ ಆರೋಗ್ಯಕ್ಕೆ ಹಾನಿಕರವೆಂದು ಪೌಷ್ಟಿಕತಾ ಸಮಿತಿಯು ಸರ್ವಾನುಮತದಿಂದ ತೀರ್ಮಾನಿಸಿತು. ಸಮಿತಿಯಲ್ಲಿ ಶೀತಲ್ ಒಬ್ಬಳೇ ಇದ್ದುದರಿಂದ ಸರ್ವಾನುಮತಕ್ಕೆ ಅಡ್ಡಿಯೇನೂ ಬರಲಿಲ್ಲ.

ಅದನ್ನು ಮಾಡುತ್ತಿದ್ದವಳು ಅಡುಗೆಯ ಫಖರುನ್ನಿಸಾ. ಮೈಸೂರಿನ ಆಕೆ ಅದನ್ನು ಫ್ರೀಮಾಂಟಿನ ಪಕ್ಕದ ಮನೆಯ ಚೀನೀ ಅಜ್ಜಿಯಿಂದ ಕಲಿತಿದ್ದಳು. ಹಲಾಲ್ ಮಾಂಸವನ್ನು ನಾರಿಗೆ ಅಡ್ಡವಾಗಿ ತೆಳ್ಳಗೆ ಕೊಯ್ಯಬೇಕು, ಹೊಗೆಯಾಡುವ ಬಾಣಲೆಯಲ್ಲಿ ಎರಡೇ ನಿಮಿಷ; ಬ್ರೊಕೊಲಿಯ ಹಸಿರು ಕೆಡಬಾರದು.

"ಪ್ರೋಟೀನು ಇದೆ, ಕಬ್ಬಿಣ ಇದೆ, ತರಕಾರಿ ಇದೆ. ಇನ್ನೇನಮ್ಮಾ ಬೇಕು?" ಎಂದು ಶೀತಲ್‌ಳನ್ನು ಕೇಳಿದಳು.

"ಸೋಡಿಯಮ್ಮು ಆಂಟೀ," ಎಂದಳು ಶೀತಲ್. "ಪ್ಲೇಟಿಗೆ ಸಾವಿರದ ಇನ್ನೂರು ಮಿಲಿಗ್ರಾಮು! ಗೋಡೆಯ ನ್ಯೂಟ್ರಿಷನ್ ಬೋರ್ಡಿಗೆ ಹಾಕೋದು ಹೇಗೆ?"

"ಸೋಯಾ ಸಾಸು ಕಮ್ಮಿ ಮಾಡ್ತೀನಿ."

"ರೆಸಿಪಿ ಚೇಂಜ್ ಆದ್ರೆ ಲ್ಯಾಬಿಗೆ ಕಳಿಸ್ಬೇಕು. ಆರು ತಿಂಗಳು. ಅಲ್ಲೀವರೆಗೆ ನಿಮಗೆ ಗುರುವಾರ ಕೆಲಸ ಇರಲ್ಲ."

ಫಖರುನ್ನಿಸಾ ಸೋಯಾ ಸಾಸಿನ ಬಾಟಲಿಯನ್ನು ಇದ್ದಲ್ಲೇ ಇಟ್ಟಳು. ಮರುವಾರ ಸಮಿತಿಯ ಸುತ್ತೋಲೆ ಬಂತು:

"ಇನ್ನು ಮುಂದೆ ಒಂದು ಸರ್ವಿಂಗು ಎಂದರೆ ಮಾಂಸ ಒಂದು ಚೂರು, ಬ್ರೊಕೊಲಿ ಅರ್ಧ ಹೂವು ಎಂದು ಪರಿಗಣಿಸತಕ್ಕದ್ದು. ಸೋಡಿಯಂ ಅತ್ಯಲ್ಪ, ಕೊಬ್ಬು ಸೊನ್ನೆ ಎಂದು ಓದಿಕೊಳ್ಳತಕ್ಕದ್ದು. ಇನ್ನೊಂದು ಸರ್ವಿಂಗು ಬೇಕಾದವರು ಸಾಲಿನ ಕೊನೆಗೆ ಹೋಗತಕ್ಕದ್ದು."

ಆ ಗುರುವಾರ ಮೊದಲು ಬಂದವನು ಮಷೀನು ರಿಪೇರಿಯ ಕಮರುದ್ದೀನ್. ತಟ್ಟೆ ನೋಡಿದ.

"ಆಪಾ, ಇದು ಸ್ಯಾಂಪಲ್ಲಾ?"

"ಊಟ," ಎಂದಳು ಫಖರುನ್ನಿಸಾ, ತಲೆಯೆತ್ತದೆ. ತವರಿನಲ್ಲಿ ಬೆಕ್ಕಿಗೂ ಇದಕ್ಕಿಂತ ಹೆಚ್ಚು ಹಾಕುತ್ತಿದ್ದಳು. ನಾಚಿಕೆ ತಡೆಯದೆ ಕಾಲು ಹೂವು ಹೆಚ್ಚಿಗೆ ಹಾಕಲು ಹೋದಳು. ಪಕ್ಕದಲ್ಲಿ ಸ್ಕೇಲು ಹಿಡಿದು ನಿಂತಿದ್ದ ಶೀತಲ್ ಕೆಮ್ಮಿದಳು. ಕಾಲು ಹೂವು ಬಾಣಲೆಗೆ ಮರಳಿತು.

ಕಮರುದ್ದೀನ್ ಬೈದುಕೊಂಡೇ ಇಪ್ಪತ್ತೆರಡು ಸಲ ಸಾಲಿಗೆ ಬಂದ. ಎಲ್ಲರೂ ಬಂದರು. ಸಾಲು ಕ್ಯಾಂಟೀನು ದಾಟಿ ಪಾರ್ಕಿಂಗ್ ಲಾಟು ಸುತ್ತಿತು. ಊಟ ಮೂರೂವರೆಗೆ ಮುಗಿಯಿತು. ಪ್ರತಿಯೊಬ್ಬರ ಕೈಗಡಿಯಾರ ಆರು ಸಾವಿರ ಹೆಜ್ಜೆ ತೋರಿಸಿತು. ನೌಕರರಲ್ಲಿ ವ್ಯಾಯಾಮದ ಅಭಿರುಚಿ ಹಠಾತ್ತನೆ ಹೆಚ್ಚಿರುವುದನ್ನು ಗಮನಿಸಿದ ಆಡಳಿತವು ಪದ್ಧತಿಯನ್ನು ಐದೂ ದಿನಕ್ಕೆ ವಿಸ್ತರಿಸಿ, ಶೀತಲ್‌ಗೆ ಬಡ್ತಿ ಕೊಟ್ಟಿತು. ಫಖರುನ್ನಿಸಾಗೆ ಚಿಕ್ಕದೊಂದು ಇಕ್ಕಳ ಕೊಟ್ಟರು.

ಎರಡು ತಿಂಗಳ ಮೇಲೆ ಹೊಸದಾಗಿ ಸೇರಿದ ಜಗನ್ ತಟ್ಟೆ ಚಾಚಿ, "ಪೂರ್ತಿ ಹಾಕಿ ಆಂಟೀ, ತುಂಬಾ ಹಸಿವು," ಎಂದ.

ಅವನ ಹಿಂದೆ ಹತ್ತೊಂಬತ್ತನೇ ಸರ್ವಿಂಗಿಗೆ ನಿಂತಿದ್ದ ಕಮರುದ್ದೀನನಿಗೆ ರೇಗಿತು.

"ಒಂದೇ ಸಲ ಅಷ್ಟೊಂದು ತಿಂದ್ರೆ ಆರೋಗ್ಯದ ಗತಿ ಏನ್ರೀ? ಮತ್ತೆ ಸಾಲಲ್ಲಿ ಬನ್ನಿ."

"ಸರಿಯಾಗಿ ಹೇಳಿದ್ರಿ," ಎಂದಳು ಫಖರುನ್ನಿಸಾ, ಇಕ್ಕಳದಲ್ಲಿ ಅರ್ಧ ಹೂವು ಎತ್ತುತ್ತ.