ವಾಸವೇ ಇಲ್ಲದ ಮನೆಯನ್ನು ತೆರವು ಮಾಡಲು ಅನುಮತಿ ಕೋರಿ

ಇಂದ,
ಕ್ಲಿಫರ್ಡ್ ಥ್ವೇಟ್,
‘ಕರ್ಲ್ಯೂ’ ಎಂಬ ದೋಣಿ,
ಕಾಲುವೆಯ ಮೂರನೆಯ ತೂಬಿನ ಕೆಳಗೆ (ಮುಂದಿನ ವಾರ ಮೇಲೆ),
ಯಾರ್ಕ್‌ಶೈರ್.

ಗೆ,
ಶ್ರೀಮತಿ ಇಮೊಜೆನ್ ಪಿಕರ್ಸ್‌ಗಿಲ್,
ಕ್ರಯಪತ್ರ ವಕೀಲರು,
ಬ್ರೆಡ್ ಅಂಗಡಿಯ ಮಹಡಿ, ಸಂತೆ ಬೀದಿ.

ವಿಷಯ: ನಾನು ಎಂದೂ ವಾಸಿಸದ ಮನೆಯಿಂದ ನನ್ನನ್ನು ಹೊರಡಿಸಿ, ಅದೇ ಮನೆಗೆ ನನ್ನನ್ನು ಸೇರಿಸಿಕೊಳ್ಳುವ ಕುರಿತು.

ಉಲ್ಲೇಖ:
1. “ಸದರಿ ಮನೆಯಲ್ಲಿರುವ ವ್ಯಕ್ತಿ ಮೊದಲು ತೆರವು ಮಾಡತಕ್ಕದ್ದು” ಎಂಬ ತಮ್ಮ ಪತ್ರ.
2. “ಅಂಥ ವ್ಯಕ್ತಿ ಯಾರೂ ಇರುವುದಿಲ್ಲ” ಎಂಬ ಮಾರಾಟಗಾರರ ವಕೀಲರ ಪತ್ರ.
3. “ಈ ವಾರ ಇದನ್ನ ಮುಗಿಸ್ದೆ ಇದ್ರೆ ನೋಡು ಮತ್ತೆ” ಎಂಬ ನನ್ನ ಹೆಂಡತಿಯ ಮೌಖಿಕ ಆದೇಶ.

ಮಾನ್ಯರೇ,

ಗಿರಣಿ ಓಣಿಯ ಕೊನೆಯ ಮನೆಯ ಖರೀದಿದಾರನೂ, ತಮ್ಮ ತನಿಖೆಯ ಪ್ರಕಾರ ಅದೇ ಮನೆಯ ನಿವಾಸಿಯೂ ಆದ ನಾನು ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ:

1. ನಾನು ಮತ್ತು ನನ್ನ ಹೆಂಡತಿ ಬೆರಿಲ್ ಇಪ್ಪತ್ತಾರು ವರ್ಷಗಳಿಂದ ಸದರಿ ದೋಣಿಯಲ್ಲಿಯೇ ಸಂಸಾರ ಮಾಡಿಕೊಂಡಿರುತ್ತೇವೆ. ಖಾಯಂ ಕಟ್ಟುಗೂಟವಿಲ್ಲದ ದೋಣಿಯು ಎರಡು ವಾರಕ್ಕಿಂತ ಹೆಚ್ಚು ಒಂದೇ ಕಡೆ ನಿಲ್ಲಕೂಡದೆಂಬುದು ಕಾಲುವೆಯ ಕಟ್ಟಳೆ. ಕಾರಣ, ನಮಗೆ ವಿಳಾಸವಿಲ್ಲ. ಇದುವರೆಗೆ ಅದು ಬೇಕೆನಿಸಿಯೂ ಇರಲಿಲ್ಲ.

2. ಬೆರಿಲ್‌ಳ ಸೊಂಟದ ಕೀಲು ಸವೆದುಹೋಗಿದೆ. ಆಸ್ಪತ್ರೆಯಿಂದ ಬಂದ ದಾದಿಯೊಬ್ಬರು ದೋಣಿಯೊಳಕ್ಕೆ ಇಳಿಯುವ ಮೆಟ್ಟಿಲುಗಳನ್ನು ಪರಿಶೀಲಿಸಿ, “ಆಪರೇಷನ್ ಏನೋ ಮಾಡ್ತಾರಮ್ಮ. ಆಮೇಲೆ ನಿಮ್ಮನ್ನ ಇದರೊಳಗೆ ಇಳಿಸೋದು ಹೆಂಗೆ? ಕಲ್ಲಿದ್ದಲು ಸುರಿದಂಗೆ ಸುರೀಬೇಕಾ?” ಎಂದು ಕೇಳಿದರು. ಮೆಟ್ಟಿಲಿಲ್ಲದ ಮನೆಯೊಂದು ಕೈಗೆ ಬಂದ ನಂತರವೇ ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಪಡಿಸುವರಂತೆ. ಆದ್ದರಿಂದ ಮನೆ.

3. ವಕೀಲರನ್ನು ಆರಿಸುವ ಪ್ರಶ್ನೆ ಬಂದಾಗ, ಮನೆ ತೋರಿಸಿದ ದಲ್ಲಾಳಿಯು ತನಗೆ ಬೇಕಾದವರ ಹೆಸರು ಕೊಟ್ಟನು. ಅಲ್ಲಿಗೆ ಫೋನು ಮಾಡಲಾಗಿ ಯಂತ್ರವೊಂದು ಪಿಟೀಲು ಬಾರಿಸಿ ಕೇಳಿಸಿತು. ತಮಗೆ ಮಾಡಲಾಗಿ ತಾವೇ ಎತ್ತಿಕೊಂಡು, “ನಾನು ನಿಧಾನ. ಆದ್ರೆ ಏನನ್ನೂ ಬಿಡೋಳಲ್ಲ” ಎಂದಿರಿ. ಈ ಎರಡೂ ಮಾತುಗಳು ಅಕ್ಷರಶಃ ಸತ್ಯವೆಂದು ಈ ಮೂಲಕ ದೃಢೀಕರಿಸುತ್ತೇನೆ. ಚರಂಡಿ ಯಾರದು, ಬೇಲಿ ಯಾರದು, ಹಿತ್ತಿಲಿನಲ್ಲಿ ಹಾದುಹೋಗುವ ಹಕ್ಕು ಯಾರಿಗಿದೆ, ಚರ್ಚಿನ ಮಾಡು ಸೋರಿದರೆ ದುರಸ್ತಿಯ ಹೊರೆ ಈ ಮನೆಯ ಮೇಲೆ ಬೀಳುತ್ತದೆಯೇ ಎಂದು, ನನಗೆ ಕೇಳಲು ತೋಚದೇ ಇದ್ದುದನ್ನೆಲ್ಲ ತಾವು ಕೇಳಿದಿರಿ. ಆನಂತರ ನನ್ನ ವಿಳಾಸಕ್ಕೆ ಪುರಾವೆ ಕೇಳಿದಿರಿ.

4. ವಿಳಾಸವನ್ನು ಕೊಳ್ಳಲು ವಿಳಾಸ ಬೇಕೆಂಬುದನ್ನು ಮಾರಾಟಗಾರರಾದ ಶ್ರೀಮತಿ ಡಿಲಿಸ್ ಓಗ್ಡನ್ ಎಂಬ ವೃದ್ಧ ವಿಧವೆಯ ಬಳಿ ತೋಡಿಕೊಂಡೆ. ಅವರು ಟೀ ಬಗ್ಗಿಸುತ್ತಾ, “ಅಷ್ಟಕ್ಕೆಲ್ಲ ಯಾಕೋ ಒದ್ದಾಡ್ತೀಯಾ? ಬ್ಯಾಂಕಿನ ಕಾಗದ ನನ್ನ ಮನೆಗೇ ಬರ್ಲಿ ಬಿಡು. ಹೆಂಗೂ ನಾಳೆ ನಿಂದೇ ಅಲ್ವಾ?” ಎಂದರು. ನನ್ನ ಹೆಸರಿಗೆ, ಆ ಮನೆಯ ವಿಳಾಸಕ್ಕೆ ಕಾಗದ ಬಂದಿತು. ಅದನ್ನು ತಮಗೆ ಸಲ್ಲಿಸಿದೆ.

5. ಕೊಳ್ಳುವ ಮನೆಯಲ್ಲಿ ಮಾರುವವರಲ್ಲದೆ ಬೇರೊಬ್ಬ ವಯಸ್ಕ ವಾಸವಿದ್ದಲ್ಲಿ, ಆತನು ಹೊರಡುವುದಾಗಿ ಸಹಿ ಹಾಕದ ಹೊರತು ವ್ಯವಹಾರ ಮುಂದುವರಿಸಲಾಗದೆಂಬುದು ತಮ್ಮ ನಿಲುವು. ಸದರಿ ಕಾಗದವನ್ನು ಓದಿದ ಕೂಡಲೇ ತಾವು ನನ್ನನ್ನು ಕರೆಸಿದಿರಿ. ಅಂದು ನಡೆದ ಮಾತುಕತೆಯನ್ನು ದಾಖಲೆಗಾಗಿ ಇಲ್ಲಿ ಕೊಡುತ್ತಿದ್ದೇನೆ:

“ಆ ಮನೇಲಿ ಒಬ್ಬ ಗಂಡಸು ಇದ್ದಾನೆ, ಮಿಸ್ಟರ್ ಥ್ವೇಟ್.”

“ಅದು ನಾನೇ ಅಲ್ವಾ ಮೇಡಂ?”

“ಯಾರಾದ್ರೂ ಆಗ್ಲಿ. ನನ್ನ ಕಕ್ಷಿದಾರರಿಗೆ ಖಾಲಿ ಮನೆ ಸಿಗ್ಬೇಕು.”

“ನಿಮ್ಮ ಕಕ್ಷಿದಾರರು ಯಾರು?”

“ನೀವು.”

“ನಾನು ಅಲ್ಲಿಲ್ಲ ಅಂತ ನಾನೇ ಹೇಳ್ತಿದ್ದೀನಲ್ಲ!”

“ಅಲ್ಲಿಲ್ಲ ಅಂದ್ರೆ ನೀವು ಕೊಟ್ಟ ಪುರಾವೆ ಸುಳ್ಳಾಗುತ್ತೆ. ಸುಳ್ಳು ಪುರಾವೆ ಕೊಟ್ಟೋರ ಕೆಲಸ ನಾನು ಮಾಡಲ್ಲ. ಯೋಚಿಸಿ ಹೇಳಿ.”

ನಾನು ಯೋಚಿಸಿದೆ. ಅಲ್ಲಿ ಇರುವುದೇ ಲೇಸೆಂದು ಕಂಡುಬಂದಿತು.

6. ಹೋಗುವವನಿಗೂ ಬರುವವನಿಗೂ ಒಬ್ಬರೇ ವಕೀಲರು ಸಲಹೆ ನೀಡಕೂಡದಾದ ಕಾರಣ, ತಮ್ಮ ನಿರ್ದೇಶನದಂತೆ ನಾನು ನಿವಾಸಿಯ ನೆಲೆಯಲ್ಲಿ ಶ್ರೀ ಟ್ರಿಸ್ಟ್ರಮ್ ಗ್ರೀವ್ ಎಂಬ ತರುಣ ವಕೀಲರನ್ನು ಭೇಟಿಯಾದೆ. ಅವರು ನಿವಾಸಿಯ ಪಾಡನ್ನಷ್ಟೇ ಕೇಳಿ ಕುರ್ಚಿಯನ್ನು ಮುಂದಕ್ಕೆಳೆದುಕೊಂಡರು. “ಬಿಡ್ಲೇಬೇಡಿ ಸಾರ್! ಪರಿಹಾರ ಇಲ್ದೆ ಯಾರಾದ್ರೂ ಮನೆ ಬಿಟ್ಟುಕೊಡ್ತಾರಾ? ಕೊಳ್ಳೋನು ಯಾವನೋ ಅವಸರದಲ್ಲಿದ್ದಾನೆ ಅನ್ಸುತ್ತೆ. ಚೆನ್ನಾಗಿ ಕಾಯಿಸಿ.”

ಆತನನ್ನು ನಾನು ಬಲ್ಲೆನೆಂದೂ, ಆತನ ಹೆಂಡತಿಗೆ ಏಳಲಾರದಷ್ಟು ಸೊಂಟನೋವೆಂದೂ ತಿಳಿಸಿದೆ.

“ಎಲ್ರೂ ಇಂಥದ್ದೇ ಕತೆ ಕಟ್ಕೊಂಡು ಬರ್ತಾರೆ. ಕರಗ್ಬೇಡಿ” ಎಂದರು.

7. ಈ ಮಧ್ಯೆ ಅಂಚೆಯವನ ಮೂಲಕ ಸುದ್ದಿಯು ಕಾಲುವೆಯುದ್ದಕ್ಕೂ ಹಬ್ಬಿದೆ. ಬೆರಿಲ್ ದೋಣಿಯ ಮೆಟ್ಟಿಲ ಮೇಲೆ ಕುಳಿತು, “ಇಪ್ಪತ್ತಾರು ವರ್ಷ ಒಂದ್ ಕಡೆ ನಿಲ್ಲದೋನು, ಕೊನೆಗೂ ನಿಂತಿದ್ದು ಡಿಲಿಸ್ ಓಗ್ಡನ್ ಮನೇಲಿ! ಅವಳ ಟೀ ಅಷ್ಟು ಚೆನ್ನಾಗಿರುತ್ತಾ ಮಹರಾಯಾ?” ಎಂದು ಕೇಳಿ, ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ನಕ್ಕವಳು ಏಳಲಾರದೆ ಹೋದಳು. ನಾನೂ ತೂಬಿನ ಕಾವಲುಗಾರನೂ ಸೇರಿ ಎತ್ತಬೇಕಾಯಿತು. ಆಗಲೂ ಕಣ್ಣಲ್ಲಿ ನೀರಿತ್ತು; ನಗು ಇರಲಿಲ್ಲ. ಈ ಸಂಗತಿಗೆ ತಮ್ಮ ಯಾವ ನಮೂನೆಯಲ್ಲಿಯೂ ಅಂಕಣವಿಲ್ಲವಾದ್ದರಿಂದ ಪ್ರತ್ಯೇಕವಾಗಿ ನಮೂದಿಸಿದ್ದೇನೆ.

8. ಆದ್ದರಿಂದ, ಶ್ರೀ ಗ್ರೀವ್ ಅವರ ಸಲಹೆಯನ್ನು ಧಿಕ್ಕರಿಸಿ, ಯಾವ ಪರಿಹಾರವನ್ನೂ ಬಯಸದೆ, ಶುಕ್ರವಾರ ಸದರಿ ಮನೆಯನ್ನು ತೆರವು ಮಾಡಲು ಸ್ವಸಂತೋಷದಿಂದ ಒಪ್ಪಿರುತ್ತೇನೆ. ಹೊರಡಬೇಕಾದವನು ಮೊದಲು ಒಳಗಿರಬೇಕಾದ ಕಾರಣ, ಅಂದು ಬೆಳಿಗ್ಗೆ ಶ್ರೀಮತಿ ಓಗ್ಡನ್ ನನ್ನನ್ನು ಮುಂಬಾಗಿಲಿನಿಂದ ಒಳಕ್ಕೆ ಬಿಟ್ಟುಕೊಳ್ಳುವರು. ಕೆಲಹೊತ್ತು ವಾಸಿಸಿ, ಹಿಂಬಾಗಿಲಿನಿಂದ ಪೆಟ್ಟಿಗೆ ಸಮೇತ ಹೊರಬೀಳುವೆನು. ಶ್ರೀಮತಿ ಓಗ್ಡನ್ ತಮ್ಮ ಮಗಳ ಕಾರಿನಲ್ಲಿ ಹೊರಟುಹೋಗುವರು. ಹಣವು ಬ್ಯಾಂಕಿನಿಂದ ಬ್ಯಾಂಕಿಗೆ ತಲುಪಿ, ತಾವು ಫೋನಿನಲ್ಲಿ “ಆಯ್ತು” ಎನ್ನುವವರೆಗೆ ಓಣಿಯಲ್ಲಿ ನಿಲ್ಲುವೆನು. ಮಳೆ ಬಂದರೂ ನಿಲ್ಲುವೆನು. ಆಮೇಲೆ ದಲ್ಲಾಳಿಯಿಂದ ಬೀಗದ ಕೈ ಪಡೆದು ಒಳಹೊಕ್ಕು, ಹಿಂದಿನ ನಿವಾಸಿಯು ಎಲ್ಲಿಯೂ ಅಡಗಿ ಕುಳಿತಿಲ್ಲವೆಂದು ಕೋಣೆ ಕೋಣೆಯನ್ನೂ ಪರೀಕ್ಷಿಸಿ ತಮಗೆ ವರದಿ ಒಪ್ಪಿಸುವೆನು.

ತಮ್ಮ ಕಕ್ಷಿದಾರನೂ, ಆತನ ದಾರಿಗೆ ಅಡ್ಡ ನಿಂತವನೂ ಆಗಿರುವ,
ತಮ್ಮ ವಿಶ್ವಾಸಿ,

(ಸಹಿ) ಕ್ಲಿಫರ್ಡ್ ಥ್ವೇಟ್, ಖರೀದಿದಾರ
(ಸಹಿ) ಕ್ಲಿಫರ್ಡ್ ಥ್ವೇಟ್, ನಿವಾಸಿ

ಅಡಕಗಳು:
1. ತೆರವಿನ ಒಪ್ಪಿಗೆ ಪತ್ರ: ನಾನು ನನಗೆ ಬರೆದುಕೊಟ್ಟದ್ದು.
2. ಹಾಗೆ ಬರೆದುಕೊಡಬಾರದೆಂಬ ಶ್ರೀ ಗ್ರೀವ್ ಅವರ ಲಿಖಿತ ಸಲಹೆ.
3. ಮೆಟ್ಟಿಲುಗಳ ಕುರಿತು ದಾದಿಯ ಚೀಟಿ.

ಕೊನೆಯದಾಗಿ ಒಂದು ಕೋರಿಕೆ: ಬೆರಿಲ್‌ಗೆ ಹೆಚ್ಚು ಹೊತ್ತು ನಿಲ್ಲಲಾಗುವುದಿಲ್ಲ. ಸದರಿ ಮನೆಗೆ ಅವಳ ಹೆಸರಿನಲ್ಲಿ ಇದುವರೆಗೆ ಒಂದು ಕಾಗದವೂ ಬಂದಿರುವುದಿಲ್ಲ. ಅಂದರೆ ಕಾನೂನಿನ ಕಣ್ಣಿಗೆ ಅವಳು ಎಲ್ಲಿಯೂ ಇಲ್ಲ. ಕಾರಣ, ನಾನು ಓಣಿಯಲ್ಲಿ ನಿಂತಿರುವಷ್ಟು ಹೊತ್ತು ಅವಳು ಒಳಗೆ ಅಡುಗೆಮನೆಯ ಕುರ್ಚಿಯಲ್ಲಿ ಕುಳಿತಿದ್ದರೂ, ಮನೆಯು ಖಾಲಿ ಇದೆಯೆಂದೇ ಪರಿಗಣಿಸಬೇಕಾಗಿ ಪ್ರಾರ್ಥಿಸುತ್ತೇನೆ.