ಕಮಲಾ ಕಾಫಿ ಕ್ಲಬ್ಬಿನ ಜಲಜ

ಅಂಗಡಿಗೆ ಇಟ್ಟ ಹೆಸರನ್ನು ಜನ ಅಂಗಡಿಯ ಒಳಗಿದ್ದವರಿಗೂ ಅಂಟಿಸಿಬಿಡುತ್ತಾರೆ. ಕುಂದಾಪುರದಲ್ಲಿ ನಮ್ಮ ಕಾಫಿ ಕ್ಲಬ್ ನಡೆದಷ್ಟು ಕಾಲವೂ ನನಗೆ ಈ ಪಾಡು ತಪ್ಪಲಿಲ್ಲ.

ಸಪೂರ ಆದದ್ದು

ನನ್ನ ಹೆಸರು ಜಲಜ. ಮಹಾಯುದ್ಧದ ಸಮಯದಲ್ಲಿ ಸಾಲಿಗ್ರಾಮದಿಂದ ಎರಡನೆಯ ಹೆಂಡತಿಯಾಗಿ ಈ ಮನೆಗೆ ಬಂದೆ. ಮೊದಲಿನವರು ಕಮಲ, ಹೆರಿಗೆಯಲ್ಲಿ ತೀರಿಕೊಂಡಿದ್ದರು. ದೋಣಿ ಕಡವಿನ ಹತ್ತಿರ ನಮ್ಮವರು ನಡೆಸುತ್ತಿದ್ದ 'ಕಮಲಾ ಕಾಫಿ ಕ್ಲಬ್' ಅವರದೇ ಹೆಸರಿನದು. ಸಕ್ಕರೆ ಸಿಗದೆ ಬೆಲ್ಲದ ಕಾಫಿ ಮಾಡುತ್ತಿದ್ದ ಕಾಲ.

ನಾನು ಲೋಟ ತಂದಿಡಲು ಶುರುಮಾಡಿದ ಹೊಸತರಲ್ಲಿ ಬೈಂದೂರಿನ ಅಜ್ಜ ಒಬ್ಬರು ಬಹಳ ದಿನದ ಮೇಲೆ ಬಂದರು. ಕಣ್ಣು ಮಂಜು. ತೆಳ್ಳಗಿದ್ದ ನನ್ನನ್ನು ನೋಡಿ, "ಹ್ವಾಯ್ ಕಮಲಕ್ಕ, ಎಂತ ಇಷ್ಟ್ ಸಪೂರ ಆಯ್ದ್ರಿ? ಹುಷಾರಿಲ್ಯಾ?" ಎಂದರು.

ಒಲೆಯ ಮುಂದಿದ್ದ ನಮ್ಮವರು ತಿರುಗಲೇ ಇಲ್ಲ. ದಣಿದು ಬಂದ ಮುದುಕರಿಗೆ ಸಾವಿನ ಸುದ್ದಿ ಹೇಗೆ ಹೇಳುವುದು?

"ಈಗ ಅಡ್ಡಿಲ್ಲೆ" ಎಂದುಬಿಟ್ಟೆ.

ಅರ್ಥ ಒಂದೇ

ನಾನು ಕಮಲ ಅಲ್ಲವೆಂದು ಊರಿನವರಿಗೆ ಗೊತ್ತಿತ್ತು. ಹೊಳೆ ದಾಟಿ ಬರುವವರಿಗೆ ಬೋರ್ಡೇ ಪ್ರಮಾಣ. ಬ್ರಹ್ಮಾವರದಿಂದ ಅಕ್ಕಿ ತರುವ ಗಾಡಿಯವನಿಗೂ ನಾನು ಕಮಲಕ್ಕ. ನನ್ನನ್ನು ನೋಡಲು ಬಂದ ಅಪ್ಪಯ್ಯ ಕೂಡ ಕಮಲಕ್ಕನ ಕ್ಲಬ್ ಎಲ್ಲಿ ಎಂದು ದಾರಿ ಕೇಳಿಕೊಂಡು ಬರಬೇಕಾಯಿತು. ಅದನ್ನು ಮಾತ್ರ ನನಗೆ ತಡೆಯಲಾಗಲಿಲ್ಲ. ಬೋರ್ಡಿಗೆ ನನ್ನ ಹೆಸರು ಬರೆಸಿ ಎಂದು ಬಾಯಿಬಿಟ್ಟು ಕೇಳಿದೆ.

 ಜಲಜ ಅಂದರೂ ಕಮಲವೇ, ಹಾಗಾಗಿ ಬೋರ್ಡಿನಲ್ಲಿ ಇರುವುದು ನಿನ್ನ ಹೆಸರೇ ಎಂದರು ನಮ್ಮವರು. ಹಾಗಾದರೆ ನಾಳೆಯಿಂದ ಗಿರಾಕಿಗಳಿಗೆ ಬರೀ ಬಿಸಿನೀರು ಕೊಡುತ್ತೇನೆ, ಕಾಫಿಯೂ ನೀರೇ ತಾನೆ ಎಂದೆ.

ಮರುದಿನವೇ ಬೋರ್ಡು ಬರೆಯುವವನು ಬಂದ.

ಅಜ್ಜನ ಸಂತಾಪ

'ಜಲಜಾ ಕಾಫಿ ಕ್ಲಬ್' ಎಂಬ ಅಕ್ಷರಗಳನ್ನು ನೋಡಲೆಂದೇ ಮತ್ತೆ ಮತ್ತೆ ರಸ್ತೆಗೆ ಇಳಿಯುತ್ತಿದ್ದೆ. ಅಷ್ಟರಲ್ಲಿ ಹೆಸರು ತೆಗೆದಿದ್ದಾರೆ ಅಂದರೆ ಕಮಲಕ್ಕ ತೀರಿಹೋಗಿರಬೇಕು ಎಂಬ ಸುದ್ದಿ ದೋಣಿ ಹತ್ತಿ ಬೈಂದೂರು ಮುಟ್ಟಿತ್ತು. ಸುದ್ದಿ ಸುಳ್ಳಲ್ಲ, ಬಹಳ ತಡ ಅಷ್ಟೆ.

ಆ ಅಜ್ಜ ಬಂದು ಬೆಂಚಿನ ಮೇಲೆ ಕೂತು ಕಣ್ಣೊರೆಸಿಕೊಂಡರು. ಎಂಥ ಹೆಂಗಸು, ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸಿದವಳಲ್ಲ ಎಂದರು. ಕಮಲ ಸತ್ತ ದಿನವೂ ನಮ್ಮವರ ಕಣ್ಣಲ್ಲಿ ನೀರು ಬರಲಿಲ್ಲವೆಂದು ಅತ್ತೆ ಹೇಳುತ್ತಿದ್ದರು. ಅಂದು ಅವರು ಸೌಟು ಬಿಟ್ಟು ಅಜ್ಜನ ಪಕ್ಕ ಕೂತು ಬಿಕ್ಕಿ ಬಿಕ್ಕಿ ಅತ್ತರು. ನಾನು ಬಾಗಿಲ ಮರೆಯಲ್ಲೇ ನಿಂತೆ. ಆ ಬೋರ್ಡು ಇದ್ದಷ್ಟು ದಿನ ಅವರ ಪಾಲಿಗೆ ಕಮಲ ಸತ್ತೇ ಇರಲಿಲ್ಲ ಎಂದು ಆಗ ತಿಳಿಯಿತು.

ಅಳು ನಿಂತ ಮೇಲೆ ಕಾಫಿ ತಂದಿಟ್ಟೆ. ಅಜ್ಜ ತಲೆಯೆತ್ತಿ ನನ್ನನ್ನು ನೋಡಿ, ಆಮೇಲೆ ನಮ್ಮವರ ಕಡೆ ತಿರುಗಿ, "ಹೆಂಡ್ತಿ ಇಲ್ಲೇ ಇಪ್ಪತಿಗೆ ನೀವ್ ಎಂತಕ್ಕೆ ಮರ್ಕುದ್ ಮಾರಾಯ್ರೆ?" ಎಂದು ಅತ್ತದ್ದಕ್ಕೆ ಗದರಿದರು.

ಹಳೇ ಬೋರ್ಡು

ಅಂದು ಸಂಜೆ ಹಳೆಯ ಹೆಸರನ್ನೇ ಮತ್ತೆ ಬರೆಸಿ ಎಂದೆ. ಸಿಟ್ಟು ಬಂದಿದೆಯೋ ಎಂದು ನಮ್ಮವರು ಹೆದರಿ ಹೆದರಿ ಕೇಳಿದರು.

"ಸಿಟ್ಟ್ ಎಂತ ಇಲ್ಲೆ" ಎಂದೆ. "ಆ ಹೆಸ್ರೇ ಇರ್ಲಿ. ಮುಂದೆ ನಾ ಸತ್ತ್ರೂ ಜನ ಕಮಲಕ್ಕ ಸತ್ಲ್ ಅಂತ್ರ್. ಜಲಜಂಗೆ ಸಾವೇ ಇಲ್ಲೆ."